ಜಾವಾಸ್ಕ್ರಿಪ್ಟಿನ ಚಿಹ್ನೆಗಳು: ಒಂದು ಪರಿಚಯ



ಕನ್ನಡ ಅಧ್ಯಾಪಕರಿಗೂ ಕಂಪ್ಯೂಟರಿಗೂ ಏನು ನಂಟು ಎಂದು ನೀವು ನಗಬಹುದು. ಪರೀಕ್ಷೆಯ ಅಂಕಗಳನ್ನು ಕೂಡಿಸಲು ನಾನೊಮ್ಮೆ ಚಿಕ್ಕದೊಂದು ಪ್ರೋಗ್ರಾಂ ಬರೆದೆ. ಒಬ್ಬ ಹುಡುಗನ ಎರಡು ಪತ್ರಿಕೆಗಳ ಅಂಕ 35 ಮತ್ತು 42. ಯಂತ್ರ ತೋರಿಸಿದ ಮೊತ್ತ 3542! ತಪ್ಪು ಯಂತ್ರದ್ದಲ್ಲ, ನನ್ನದು. ಅದರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಜಾವಾಸ್ಕ್ರಿಪ್ಟ್ ಎಂಬುದು 1995ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಬ್ರೆಂಡನ್ ಐಕ್ ಎಂಬವರು ರಚಿಸಿದ ಪ್ರೋಗ್ರಾಂ ಭಾಷೆ. ವಾಕ್ಯಕ್ಕೆ ಕ್ರಿಯಾಪದ ಹೇಗೋ ಅದಕ್ಕೆ ಆಪರೇಟರುಗಳೆಂಬ ಚಿಹ್ನೆಗಳು ಹಾಗೆ. ಏನು ಮಾಡಬೇಕೆಂದು ಹೇಳುವುದು ಅವೇ.

+ ಚಿಹ್ನೆಗೆ ಎರಡು ಕೆಲಸ. ಎರಡು ಕಡೆಯೂ ಸಂಖ್ಯೆಯಿದ್ದರೆ ಕೂಡಿಸುತ್ತದೆ: 35 + 42 ಎಂದರೆ 77. ಒಂದು ಕಡೆ ಬರಹವಿದ್ದರೂ ಸಾಕು, ಜೋಡಿಸುತ್ತದೆ: "35" + 42 ಎಂದರೆ "3542". ಪರದೆಯ ಚೌಕದಲ್ಲಿ ಟೈಪು ಮಾಡಿದ ಅಂಕೆ ಯಂತ್ರಕ್ಕೆ ಬರಹವಾಗಿಯೇ ಸಿಗುತ್ತದೆ. ಅದನ್ನು ಸಂಖ್ಯೆಯಾಗಿ ಮಾರ್ಪಡಿಸದೆ ಕೂಡಿಸಹೊರಟದ್ದೇ ನನ್ನ ತಪ್ಪು. ಕಳೆಯುವ - ಚಿಹ್ನೆಗೆ ಜೋಡಿಸುವ ಕೆಲಸವಿಲ್ಲ. ಆದುದರಿಂದ "42" - 2 ಎಂದರೆ 40.

* ಗುಣಿಸುತ್ತದೆ, / ಭಾಗಿಸುತ್ತದೆ. % ಇಲ್ಲಿ ಶೇಕಡಾ ಅಲ್ಲ, ಭಾಗಿಸಿದಾಗ ಉಳಿಯುವ ಶೇಷ: 17 % 5 ಎಂದರೆ 2. ಗುಣಾಕಾರಕ್ಕೆ ಮೊದಲ ಸ್ಥಾನ. ಹಾಗಾಗಿ 2 + 3 * 4 ಎಂದರೆ 14. (2 + 3) * 4 ಎಂದರೆ 20.

ಒಂದೇ = ಇದ್ದರೆ ಅದು 'ಸಮ' ಎಂಬ ಹೇಳಿಕೆಯಲ್ಲ, 'ಇಟ್ಟುಕೋ' ಎಂಬ ಆಜ್ಞೆ. ಅಂಕ = ಅಂಕ + 5 ಎಂಬುದು ಗಣಿತದಲ್ಲಿ ಅಸಂಬದ್ಧ; ಇಲ್ಲಿ ಹಳೆಯ ಬೆಲೆಗೆ ಐದು ಸೇರಿಸಿ ಇಟ್ಟುಕೋ ಎಂದರ್ಥ. ಸಮವೇ ಎಂದು ಕೇಳಲು == ಮತ್ತು === ಇವೆ. ಸಂಖ್ಯೆ 5ನ್ನೂ ಬರಹವಾದ "5"ನ್ನೂ == ಸಮವೆನ್ನುತ್ತದೆ; === ಜಾತಿಯನ್ನೂ ನೋಡಿ ಅಲ್ಲವೆನ್ನುತ್ತದೆ. ಕಲಿಯುವವರು === ಬಳಸುವುದೇ ಕ್ಷೇಮ.

ಮೇಲಿನ 'ಅಂಕ' ಎಂಬ ಹೆಸರನ್ನು ಗಮನಿಸಿದಿರಾ? ಜಾವಾಸ್ಕ್ರಿಪ್ಟಿನಲ್ಲಿ ಬೆಲೆಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಆಜ್ಞೆಯ ಕೆಲವು ಪದಗಳು ಇಂಗ್ಲಿಷಿನವು ನಿಜ; ಚಿಹ್ನೆಗಳು ಯಾವ ಭಾಷೆಯವೂ ಅಲ್ಲ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡಿ ಶಾಲೆಯಲ್ಲಿ ಕನ್ನಡ ಓದುವ ನಿಮಗೆ ಇನ್ನೊಂದು ಭಾಷೆ ಹೊರೆಯಾಗದು. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಎಟುಕದೆಂಬ ಅಂಜಿಕೆಯನ್ನು ಹೆತ್ತವರೂ ಬಿಡಬೇಕು.

ಅಭ್ಯಾಸ: "7" + 2, "7" - 2, 20 % 6 ಇವುಗಳ ಉತ್ತರವನ್ನು ಮೊದಲು ಕಾಗದದಲ್ಲಿ ಬರೆಯಿರಿ; ಆಮೇಲೆ ಯಂತ್ರವನ್ನು ಕೇಳಿರಿ.