ಗಣಿಯೊಳಗೆ ಫೋಟೊ: ಬೆಳಕು ನಿಮ್ಮದೇ ಕೈಯಲ್ಲಿ

ಹಳೆಯ ಗಣಿಯೊಳಗೆ ಫೋಟೊ ತೆಗೆಯಬೇಕೆಂದರೆ ನಮಗೆ ಥಟ್ಟನೆ ನೆನಪಾಗುವುದು ಕೋಲಾರದ ಕೆಜಿಎಫ್. ಅದನ್ನು ಮರೆತುಬಿಡಿ. 2001ರಲ್ಲಿ ಮುಚ್ಚಿದ ಆ ಚಿನ್ನದ ಗಣಿಯ ಸುರಂಗಗಳಲ್ಲಿ ನೀರು ತುಂಬಿದೆ. ಮುಚ್ಚಿದ ಬೇರಾವ ಗಣಿಗೂ ಕದ್ದು ಇಳಿಯಬೇಡಿ. ಒಳಗೆ ಆಮ್ಲಜನಕ ಕಡಿಮೆಯಾದರೆ ಮೂಗಿಗೆ ಗೊತ್ತಾಗುವುದಿಲ್ಲ. ನೆಲವೆಂದು ಕಾಲಿಟ್ಟದ್ದು ಕೊಳೆತ ಹಲಗೆಯೂ ಆಗಿರಬಹುದು. ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿ, ಸ್ವೀಡನ್ನಿನ ಫಾಲುನ್ ತಾಮ್ರದ ಗಣಿಯಂಥವು ಪ್ರವಾಸಿಗರಿಗೆ ತೆರೆದಿವೆ. ಹೊರದೇಶಕ್ಕೆ ಹೋದಾಗ ಅಲ್ಲಿ ಒಂದು ಕೈ ನೋಡಿ.

ಹೊರಡುವ ಮುನ್ನ ನಿಯಮ ಕೇಳಿ. ವೇಲ್ಸಿನ ಬಿಗ್ ಪಿಟ್ ಕಲ್ಲಿದ್ದಲು ಗಣಿಯಲ್ಲಿ 90 ಮೀಟರ್ ಕೆಳಗಿಳಿಯುವ ಮೊದಲು ಕ್ಯಾಮೆರಾ, ಮೊಬೈಲು, ಬ್ಯಾಟರಿ ಗಡಿಯಾರ ಎಲ್ಲವನ್ನೂ ಮೇಲೆಯೇ ಒಪ್ಪಿಸಬೇಕು. ಕಲ್ಲಿದ್ದಲಿನಿಂದ ಹೊಮ್ಮುವ ಮೀಥೇನಿಗೆ ಒಂದು ಕಿಡಿ ಸಾಕು. ಬೇರೆ ಕಡೆ ಕ್ಯಾಮೆರಾ ಬಿಟ್ಟರೂ ಟ್ರೈಪಾಡಿಗೆ ಪ್ರತ್ಯೇಕ ಅನುಮತಿ ಬೇಕಾಗಬಹುದು. ಟ್ರೈಪಾಡ್ ಇಲ್ಲದೆ ಮುಂದಿನ ಯಾವ ಮಾತೂ ನಡೆಯದು.

ಒಳಗೆ ಹೋದಮೇಲೆ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ. ಐಎಸ್‌ಒ 200ರಿಂದ 400, ಅಪರ್ಚರ್ ಎಫ್ 8, ಫೈಲ್ ‘ರಾ’ ಇರಲಿ. ಗೋಡೆಗೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ಕೂಡಲೇ ಮ್ಯಾನ್ಯುಯಲ್‌ಗೆ ಬದಲಿಸಿ. ಇಲ್ಲವಾದರೆ ಕತ್ತಲಲ್ಲಿ ಲೆನ್ಸ್ ಸುಮ್ಮನೆ ಹಿಂದೆ ಮುಂದೆ ತಡಕಾಡುತ್ತದೆ. ಜೊತೆಯವರ ಹೆಡ್‌ಲ್ಯಾಂಪ್ ಆರಿಸಲು ಹೇಳಿ 30 ಸೆಕೆಂಡು ಶಟರ್ ತೆರೆಯಿರಿ. ಆ ಹೊತ್ತಿನಲ್ಲಿ ಕ್ಯಾಮೆರಾದಿಂದ ಪಕ್ಕಕ್ಕೆ ಸರಿದು ನಿಂತು, ಗೋಡೆಗೆ ಸುಣ್ಣ ಬಳಿಯುವಂತೆ ಟಾರ್ಚನ್ನು ನಿಲ್ಲಿಸದೆ ಆಡಿಸಿ. ಟಾರ್ಚಿನ ಮುಖ ಲೆನ್ಸಿನತ್ತ ತಿರುಗಕೂಡದು.

ಪಕ್ಕದಲ್ಲೇ ಏಕೆ? ಓರೆಯಾಗಿ ಬಿದ್ದ ಬೆಳಕಿನಲ್ಲಿ ಮಾತ್ರ ಬಂಡೆಯ ಮೇಲಿನ ಉಳಿ, ಗುದ್ದಲಿಗಳ ಗುರುತು ಎದ್ದು ಕಾಣುತ್ತದೆ. ಕ್ಯಾಮೆರಾ ತಲೆಯ ಮೇಲಿನ ಫ್ಲ್ಯಾಶ್ ಗೋಡೆಯನ್ನು ಚಪ್ಪಟೆ ಮಾಡುತ್ತದೆ. ಗಾಳಿಯಲ್ಲಿರುವ ದೂಳು, ನೀರಹನಿಗಳೆಲ್ಲ ಬಿಳಿ ಚುಕ್ಕೆಗಳಾಗಿ ಬೀಳುತ್ತವೆ. ನನ್ನ ಮಟ್ಟಿಗೆ ಅದು ಗಣಿಯಲ್ಲಿ ದಂಡದ ಸಾಮಾನು. ಸುರಂಗದ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಬೆನ್ನ ಹಿಂದೆ ದೀಪ ಅಡಗಿಸಿಟ್ಟರೆ ಆಳವೂ ಅಳತೆಯೂ ಒಟ್ಟಿಗೆ ಸಿಗುತ್ತವೆ. ದೀಪಗಳೆಲ್ಲ ಒಂದೇ ಬಣ್ಣದವಾಗಿರಲಿ. ಹಳದಿ, ನೀಲಿ ಬೆರೆತ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವುದು ಕಷ್ಟ.

ಗಣಿಗೆ ಬೆಳಕು ಒಯ್ದು ಚಿತ್ರ ತೆಗೆಯುವುದು ಹೊಸದೇನಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಜೆ. ಸಿ. ಬರೋ ಎಂಬ ಛಾಯಾಗ್ರಾಹಕ ಮೆಗ್ನೀಸಿಯಂ ಉರಿಸಿ ತವರದ ಗಣಿಗಳ ಚಿತ್ರ ತೆಗೆದಿದ್ದರು. 1893ರಲ್ಲಿ ಅವು ಪುಸ್ತಕವಾಗಿ ಬಂದವು. ಕೋಲಾರದ ಗಣಿಗೂ ಇದೇ ಕಾರ್ನ್‌ವಾಲ್ ಸೀಮೆಯಿಂದ ಹಲವರು ಕೆಲಸಕ್ಕೆ ಬಂದಿದ್ದರು.

ಹೊರಬರುವಾಗಲೂ ಎಚ್ಚರ ಬೇಕು. ಫಾಲುನ್ ಗಣಿಯೊಳಗೆ ಬೇಸಿಗೆಯಲ್ಲೂ 5–6 ಡಿಗ್ರಿ. ಹೊರಬಂದ ಕೂಡಲೇ ಲೆನ್ಸಿನ ಮೇಲೆ ನೀರು ಕಟ್ಟುತ್ತದೆ. ಒಳಗಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿದು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ. ಉಪ್ಪಿನ ಗಣಿಯಿಂದ ಬಂದರೆ ಟ್ರೈಪಾಡಿನ ಕಾಲು ಒರೆಸಲು ಮರೆಯಬೇಡಿ. ಚಿತ್ರಕ್ಕೆಂದು ಒಯ್ದ ಟಾರ್ಚಿನ ಬ್ಯಾಟರಿ ಮುಗಿದರೂ ವಾಪಸು ಬರುವ ದಾರಿಗೆ ಬೇರೆ ಎರಡು ದೀಪ ನಿಮ್ಮ ಬಳಿ ಇರಲೇಬೇಕು.