ಇಂಜಿನ್ ಬಿಚ್ಚಿಸುವ ಮುನ್ನ

ಸಹಕಾರನಗರದ ಯಾವುದಾದರೂ ಮನೆಯ ಕಾಂಪೌಂಡಿನಲ್ಲಿ ಹಳೆಯ ಹೋಂಡಾ ಸಿಟಿ ವಿಟೆಕ್ ನಿಂತಿದ್ದು, ಅದರ ಕೀಲಿ ನಿಮ್ಮ ಜೇಬಿನಲ್ಲಿದ್ದರೆ ಈ ಮಾತು ನಿಮಗೇ. “ಗಾಡಿ ಮೇಲಿನ ಆರ್‌ಪಿಎಂನಲ್ಲಿ ಹಾರುತ್ತೆ ಆಂಟಿ, ಕೆಳಗೆ ಮಾತ್ರ ಪಿಕಪ್ಪೇ ಇಲ್ಲ, ಸಿಸಿ ಜಾಸ್ತಿ ಮಾಡಿಸ್ತೀನಿ” ಅನ್ನುತ್ತೀರಿ. ಆಸೆ ತಪ್ಪಲ್ಲ. ಆದರೆ ಶಿವಾಜಿನಗರದಲ್ಲಿ ಒಂದು ಹಳೆಯ ಕ್ರ್ಯಾಂಕ್ ಅಗ್ಗಕ್ಕೆ ಸಿಕ್ಕಿತು ಅಂತ ಅಂದೇ ಇಂಜಿನ್ ಇಳಿಸಿಬಿಡುವ ನಿಮ್ಮ ಅವಸರ ಮಾತ್ರ ನನಗೆ ಹಿಡಿಸುವುದಿಲ್ಲ. ಹೆಂಗಸಿಗೆ ಕ್ರ್ಯಾಂಕಿನ ವಿಚಾರ ಏನು ಗೊತ್ತು ಅನ್ನಬೇಡಿ. ಯಶವಂತಪುರದಲ್ಲಿ ಲೇತ್ ಇಟ್ಟಿದ್ದ ಮನೆಗೆ ಸೊಸೆಯಾಗಿ ಬಂದವಳು ನಾನು. ನಮ್ಮಲ್ಲಿ ಊಟಕ್ಕೆ ಕೂತರೂ ಬೋರು, ಸ್ಟ್ರೋಕಿನದೇ ಮಾತು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ಇಂಜಿನ್ ಚಿಕ್ಕದಾಗಿದೆಯೋ, ಇಲ್ಲ ಅದಕ್ಕೆ ಮೈ ಸರಿಯಿಲ್ಲವೋ? ಆ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿ ಬರೆದಿಟ್ಟುಕೊಳ್ಳಿ. ಒಂದು ಸಿಲಿಂಡರ್ ಸೊರಗಿದ್ದರೆ ನಿಮಗೆ ಬೇಕಿರುವುದು ರಿಪೇರಿ, ದೊಡ್ಡ ಇಂಜಿನ್ ಅಲ್ಲ. ಏರ್ ಫಿಲ್ಟರ್ ನೋಡಿ. ಕ್ಲಚ್ ಜಾರುತ್ತಿದೆಯೇ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ, ಅದನ್ನೂ ನೋಡಿಸಿ. ಇನ್ನೊಂದು ಮಾತು: ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಚೆನ್ನೈಯಲ್ಲಿ ಎಳೆದಷ್ಟು ಇಲ್ಲಿ ಎಳೆಯುವುದಿಲ್ಲ, ಅದಕ್ಕೆ ಮೆಕ್ಯಾನಿಕ್‌ನನ್ನು ಬೈದು ಫಲವಿಲ್ಲ. ಕೊಡಿಗೇಹಳ್ಳಿ ಗೇಟಿನ ಹತ್ತಿರ ತೆವಳುವ ಟ್ರಾಫಿಕ್ಕಿನಲ್ಲಿ, ಎ.ಸಿ. ಹಾಕಿಕೊಂಡು, ಮೂರನೇ ಗೇರಿನಲ್ಲೇ ಎಳೆಸುತ್ತಾ “ಟಾರ್ಕ್ ಇಲ್ಲ” ಅನ್ನುವವರನ್ನು ಕಂಡರಂತೂ ಕುಣಿಯಲಾರದವಳು ನೆಲ ಡೊಂಕು ಅಂದದ್ದೇ ನೆನಪಾಗುತ್ತದೆ. ಎರಡಕ್ಕೆ ಇಳಿಸಿ. ಮೇಲಿನ ಆರ್‌ಪಿಎಂನಲ್ಲಿ ಹಾಡುವ ಇಂಜಿನ್ನಿಗೆ ಗೇರ್ ಬದಲಿಸುವ ಕೈಯೂ ಚುರುಕಾಗಿರಬೇಕು.

ಇಷ್ಟೆಲ್ಲ ಸರಿಯಿದ್ದೂ ಸಾಲದು ಅನಿಸಿದರೆ ಲೆಕ್ಕಕ್ಕೆ ಬನ್ನಿ. ಟರ್ಬೊ ಇಲ್ಲದ ಒಳ್ಳೆಯ ಪೆಟ್ರೋಲ್ ಇಂಜಿನ್ ಲೀಟರಿಗೆ ಹೆಚ್ಚುಕಡಿಮೆ 100 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಅಂದರೆ 100 ಸಿಸಿ ಏರಿಸಿದರೆ ಸಿಗುವುದು ಹತ್ತರ ಆಸುಪಾಸು. ನಿಮ್ಮ ವಿಟೆಕ್‌ನ ಬೋರ್ 75 ಮಿಲಿಮೀಟರ್, ಸ್ಟ್ರೋಕ್ 84.5; ಒಟ್ಟು 1493 ಸಿಸಿ. ಲೇತಿನಲ್ಲಿ ಅರ್ಧ ಮಿಲಿಮೀಟರ್ ಬೋರ್ ಮಾಡಿಸಿದರೆ ಹೆಚ್ಚುವುದು ಬರೀ 20 ಸಿಸಿ. ಟಾರ್ಕಿನಲ್ಲಿ ಎರಡೇ ಎರಡು! ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ. ಸವೆದ ಸಿಲಿಂಡರನ್ನು ಸರಿ ಮಾಡಲು ಆ ಬೋರಿಂಗ್ ಬೇಕು, ಪಿಕಪ್ಪಿಗಾಗಿ ಅಲ್ಲ. 90 ಮಿಲಿಮೀಟರ್ ಸ್ಟ್ರೋಕಿನ ಕ್ರ್ಯಾಂಕ್ ಕೂರಿಸಿದರೆ 1590 ಸಿಸಿ ಆಗುತ್ತದೆ, ಆಗ ಹತ್ತು ನ್ಯೂಟನ್ ಮೀಟರ್ ನಿರೀಕ್ಷಿಸಬಹುದು. “ಆರ್‌ಎಕ್ಸ್ 100ಕ್ಕೆ 135ರ ಬೋರ್ ಹಾಕಿದ್ರೆ ಹೇಗೆ ಎಳೆಯುತ್ತಿತ್ತು!” ಅಂತ ನಿಮ್ಮ ಚಿಕ್ಕಪ್ಪ ಹೇಳಿರುತ್ತಾರೆ. ಹೇಳಲಿ. ಯಮಹಾದ ಆ ಎರಡೂ ಬೈಕುಗಳಿಗೆ ಸ್ಟ್ರೋಕ್ 50 ಮಿಲಿಮೀಟರೇ, ಬೋರ್ ಮಾತ್ರ 50ರಿಂದ 58ಕ್ಕೆ ಹೋಯಿತು. ಮೂರರಲ್ಲಿ ಒಂದು ಪಾಲು ಸಿಸಿ ಹೆಚ್ಚಿತು. ನಿಮ್ಮ ಕಾರಿನ ಬ್ಲಾಕಿನಲ್ಲಿ ಎಂಟು ಮಿಲಿಮೀಟರ್ ಕೊರೆಯುವಷ್ಟು ಗೋಡೆಯೇ ಇಲ್ಲ.

ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ಹೇಗೆ ಅಂತ ನೋಡಬೇಕಾದರೆ ಅದೇ ಹೋಂಡಾದವರ ಎಸ್2000 ನೋಡಿ. 1999ರಲ್ಲಿ ಬಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 1997 ಸಿಸಿ, ಬೋರ್ 87, ಸ್ಟ್ರೋಕ್ 84, ಟರ್ಬೊ ಇಲ್ಲದೆ 9000 ಆರ್‌ಪಿಎಂ ತನಕ ಏರುತ್ತಿತ್ತು. ಓಡಿಸಿದವರೆಲ್ಲ ಹೊಗಳಿದರು, ಹೊಗಳುತ್ತಲೇ ನಿಮ್ಮದೇ ದೂರನ್ನೂ ಹೇಳಿದರು: ಕೆಳಗೆ ಏನೂ ಇಲ್ಲ. 2004ರ ಅಮೆರಿಕದ ಮಾಡೆಲ್‌ಗೆ ಕಂಪನಿಯವರು ಬೋರ್ ಮುಟ್ಟಲಿಲ್ಲ, ಸ್ಟ್ರೋಕನ್ನು 90.7ಕ್ಕೆ ಏರಿಸಿ 2157 ಸಿಸಿ ಮಾಡಿದರು. ಟಾರ್ಕ್ 207ರಿಂದ 220ರ ಹತ್ತಿರಕ್ಕೆ ಬಂತು. ಅದಕ್ಕಿಂತ ಮುಖ್ಯವಾಗಿ, 7500 ಆರ್‌ಪಿಎಂನಲ್ಲಿ ಸಿಗುತ್ತಿದ್ದ ಗರಿಷ್ಠ ಟಾರ್ಕ್ 6500ಕ್ಕೇ ಸಿಗತೊಡಗಿತು. ಗೇರಿನ ಅನುಪಾತವನ್ನೂ ತಿದ್ದಿದರು. ಕುದುರೆಶಕ್ತಿ ಮಾತ್ರ ಇದ್ದ 240ರಲ್ಲೇ ನಿಂತಿತು. ಕೆಂಪು ಗೆರೆಯನ್ನು 9000ದಿಂದ 8000ಕ್ಕೆ ಇಳಿಸಿದರು.

ಯಾಕೆ ಇಳಿಸಿದರು ಅಂತ ಕೇಳಿ. ಸ್ಟ್ರೋಕ್ ಉದ್ದವಾದರೆ ಅದೇ ಆರ್‌ಪಿಎಂನಲ್ಲಿ ಪಿಸ್ಟನ್ ಹೆಚ್ಚು ದೂರ ಓಡಬೇಕು. ಹಳೆಯ ಇಂಜಿನ್ನಿನಲ್ಲಿ 9000ಕ್ಕೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25 ಮೀಟರ್ ದಾಟಿತ್ತು. ಹೊಸ ಕ್ರ್ಯಾಂಕಿನಲ್ಲೂ 9000ಕ್ಕೆ ಬಿಟ್ಟಿದ್ದರೆ 27 ಮೀಟರ್ ಆಗುತ್ತಿತ್ತು. ಕನೆಕ್ಟಿಂಗ್ ರಾಡನ್ನು ಎಳೆದು ಕೀಳುವ ಬಲ ಸ್ಟ್ರೋಕಿನಷ್ಟೇ ಏರುತ್ತದೆ, ಆರ್‌ಪಿಎಂ ಜೊತೆಗಾದರೆ ವರ್ಗದಲ್ಲಿ ಏರುತ್ತದೆ. ಕಂಪನಿಯ ಇಂಜಿನಿಯರುಗಳೇ ಸಾವಿರ ಆರ್‌ಪಿಎಂ ಬಿಟ್ಟುಕೊಟ್ಟಿದ್ದಾರೆ. ನೀವು ಉದ್ದ ಸ್ಟ್ರೋಕ್ ಹಾಕಿಸಿಕೊಂಡು, ಲಿಮಿಟರನ್ನು ಹಳೆಯ ಜಾಗದಲ್ಲೇ ಬಿಟ್ಟು, ಏರ್‌ಪೋರ್ಟ್ ರಸ್ತೆಯಲ್ಲಿ ಕಿವಿ ತೂತಾಗುವ ಹಾಗೆ ಎಳೆದರೆ ರಾಡ್ ಬ್ಲಾಕನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂದು ಏನು ಪ್ರಯೋಜನ? ಕೆಳಗಿನ ಎಳೆತ ಬೇಕೋ, ಮೇಲಿನ ಹಾಡು ಬೇಕೋ, ಮೊದಲೇ ತೀರ್ಮಾನ ಮಾಡಿ. ಅದೇ ಹೆಡ್, ಅದೇ ಕ್ಯಾಮ್ ಇಟ್ಟು ಸಿಸಿ ಏರಿಸಿದರೆ ಇಂಜಿನ್ನಿಗೆ ಮೇಲೆ ಉಸಿರು ಸಾಲುವುದಿಲ್ಲ.

ಜೆ.ಸಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಬೋರಿಂಗ್ ಮಾಡುತ್ತಾರೆ ಅಂತ ಯಾರೋ ಹೇಳಿದ ಮಾತ್ರಕ್ಕೆ ಬ್ಲಾಕ್ ಹೊತ್ತುಕೊಂಡು ಓಡಬೇಡಿ. ಎಲ್ಲ ಸಿಲಿಂಡರೂ ಎರಕದ ಕಬ್ಬಿಣದ್ದಲ್ಲ. ಎಸ್2000ದ ಗೋಡೆ ನಾರು ಬೆರೆಸಿದ ಲೋಹದ್ದು, ಯಮಹಾ ಆರ್15ರದು ಡಯಾಸಿಲ್. ಇವನ್ನು ಮಾಮೂಲಿ ಬೋರಿಂಗ್ ಮೆಷಿನ್ನಿಗೆ ಕೊಟ್ಟರೆ ಕೆಟ್ಟು ಹೋಗುತ್ತವೆ. ಕ್ರ್ಯಾಂಕ್ ಬೋಲ್ಟಿಗೆ ಕೂತರೆ ಸಾಕು ಅಂದುಕೊಳ್ಳಬೇಡಿ. ಬ್ಲಾಕಿನ ಎತ್ತರ, ರಾಡಿನ ಉದ್ದ, ಪಿಸ್ಟನ್ನಿನ ಪಿನ್ ಇರುವ ಜಾಗ, ಮೂರೂ ತಾಳೆಯಾಗದಿದ್ದರೆ ಪಿಸ್ಟನ್ ಹೋಗಿ ಹೆಡ್ಡಿಗೆ ತಾಗುತ್ತದೆ. ಹೆಡ್ಡಿನ ಕುಳಿ ಇದ್ದಷ್ಟೇ ಇದ್ದು ಸಿಸಿ ಏರಿದಾಗ ಕಂಪ್ರೆಷನ್ ತಾನಾಗಿಯೇ ಏರುತ್ತದೆ, ಆಮೇಲೆ ಬಂಕಿನ ಮಾಮೂಲಿ ಪೆಟ್ರೋಲ್ ಹಾಕಿದರೆ ನಾಕಿಂಗ್ ಶುರು. ಪಿಸ್ಟನ್ನನ್ನು ಅದಕ್ಕೆ ತಕ್ಕ ಹಾಗೆ ಆರಿಸಿ, ಇಸಿಯು ಟ್ಯೂನಿಂಗಿಗೆ ಮೊದಲೇ ದುಡ್ಡು ಎತ್ತಿಡಿ. ಕ್ರ್ಯಾಂಕ್, ಫ್ಲೈವೀಲ್ ಎರಡನ್ನೂ ಬ್ಯಾಲೆನ್ಸ್ ಮಾಡಿಸಿ. ಪ್ರತಿಯೊಂದು ಅಳತೆಯನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. “ನಾನಿದೀನಲ್ಲ ಬಾಸ್” ಅನ್ನುವ ಮೆಕ್ಯಾನಿಕ್ ಬರೆದು ಕೊಡಲು ಹಿಂಜರಿದರೆ ಬ್ಲಾಕ್ ವಾಪಸ್ ತನ್ನಿ.

ಇನ್ನು ಕಾಗದಪತ್ರ. ಇದರಲ್ಲಿ ನೀವು ತೀರಾ ಉಡಾಫೆ, ಅದಕ್ಕೇ ಸ್ವಲ್ಪ ಗದರುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ನಮೂದಿಸಿದ್ದಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಬಂತು. ಇನ್ಶೂರೆನ್ಸ್ ಕೂಡ ಸಿಸಿ ನೋಡುತ್ತದೆ. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ದಾಟಿ 1500 ಸಿಸಿ ತನಕದ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 3,416 ರೂಪಾಯಿ, ಅದನ್ನು ದಾಟಿದರೆ 7,897. ನಿಮ್ಮ 1493, ಸ್ಟ್ರೋಕರ್ (ಉದ್ದ ಸ್ಟ್ರೋಕಿನ ಕ್ರ್ಯಾಂಕ್) ಹಾಕಿದ ದಿನವೇ ಗೆರೆ ದಾಟಿತು. ಹೇಳದೆ ಮುಚ್ಚಿಟ್ಟು, ಅಪಘಾತವಾದ ಮೇಲೆ ಸರ್ವೇಯರ್ ಮುಂದೆ ನಿಂತು ತಡವರಿಸುವುದು ಬೇಡ. ನಿಮ್ಮ ಕಾರಿಗೆ 15 ವರ್ಷ ತುಂಬಿ ಆಗಿದೆ, ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು.

ಆದ್ದರಿಂದ ರಸ್ತೆಯ ಮೇಲೆ ಓಡುವ ಕಾರಾದರೆ ಸಿಸಿ ಮುಟ್ಟಬೇಡಿ ಅನ್ನುವವಳೇ ನಾನು. ಗೇರ್‌ಬಾಕ್ಸಿನ ಫೈನಲ್ ಡ್ರೈವ್ ಅಂತ ಒಂದಿದೆ. ಅದನ್ನು ನೂರಕ್ಕೆ ಹತ್ತರಷ್ಟು ಗಿಡ್ಡ ಮಾಡಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಹತ್ತರಷ್ಟು ಎಳೆತ ಹೆಚ್ಚು. ಇಷ್ಟನ್ನು ಸಿಸಿಯಿಂದ ಪಡೆಯಲು 1640 ಸಿಸಿ ಮಾಡಿಸಬೇಕು, ಅಂದರೆ ಆ ಉದ್ದ ಕ್ರ್ಯಾಂಕೂ ಸಾಲದು! ಮೇಲೆ ಏರಬಲ್ಲ ಇಂಜಿನ್ನಿಗೆ ಇದು ಹೇಳಿ ಮಾಡಿಸಿದ ಉಪಾಯ, ಆರ್‌ಸಿಯಲ್ಲಿನ ಸಿಸಿ ಅಲ್ಲಾಡುವುದಿಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ದೇವನಹಳ್ಳಿ ಕಡೆ 80ರಲ್ಲಿ ಹೋಗುವಾಗ ಸದ್ದು ಜಾಸ್ತಿ. ಸಹಿಸಿಕೊಳ್ಳಿ. ಬೇರೆ ಮಾಡೆಲ್ಲಿನ ಗೇರ್ ಹಾಕುವ ಮುಂಚೆ ಆರ್‌ಟಿಒ ಆಫೀಸಿನಲ್ಲಿ ಒಮ್ಮೆ ಕೇಳಿ.

ಟ್ರ್ಯಾಕಿಗೆಂದೇ ಒಂದು ಕಾರು ಮೀಸಲಿಟ್ಟು, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ ಟ್ರೇಲರಿನಲ್ಲಿ ಒಯ್ಯುವವರಾದರೆ ಧಾರಾಳವಾಗಿ ಸ್ಟ್ರೋಕರ್ ಕಟ್ಟಿಸಿ. ಸ್ಪರ್ಧೆಗೆ ಇಳಿಯುವುದಿದ್ದರೆ ಕ್ಲಾಸ್ ಸಿಸಿ ಮೇಲೆ ನಿಂತಿರುತ್ತದೆ, ನಿಯಮ ಓದಿಕೊಂಡೇ ಕ್ರ್ಯಾಂಕ್ ಕೊಳ್ಳಿ. ಖರ್ಚು ಕಾರಿನ ಬೆಲೆ ಮೀರುತ್ತದೆ. ಮೂಗಿಗಿಂತ ಮೂಗುತಿ ಭಾರ ಅಂತ ಮನೆಯವರು ಅಂದರೆ ಎದುರು ಮಾತಾಡಬೇಡಿ, ಅವರು ಹೇಳುವುದು ನಿಜ. ಇಂಜಿನ್ ಕಟ್ಟಿ ಬಂದ ಮೇಲೆ ಮೊದಲ ದಿನಗಳಲ್ಲಿ ಒಂದೇ ವೇಗದಲ್ಲಿ ಓಡಿಸಬೇಡಿ, ಪೂರ್ತಿ ಎಳೆಸಲೂ ಬೇಡಿ. ಆಯಿಲನ್ನು ಬೇಗನೆ ಬದಲಿಸಿ, ಹಳೆಯ ಫಿಲ್ಟರ್ ಕೊಯ್ದು ಒಳಗೆ ಲೋಹದ ಪುಡಿ ಇದೆಯೇ ನೋಡಿ. ಇದ್ದರೆ ಆ ಶನಿವಾರದ ಟ್ರ್ಯಾಕ್ ಬುಕಿಂಗ್ ರದ್ದು ಮಾಡಿ, ಗೆಳೆಯರು ಎಷ್ಟೇ ಗೋಗರೆದರೂ ಕೀಲಿ ಕೊಡಬೇಡಿ.