ವೈದ್ಯರಾಗಬಯಸುವ ಗ್ರಾಮೀಣ ವಿದ್ಯಾರ್ಥಿಗಳು: ಅನುಭವ, ದಾಖಲೆ ಮತ್ತು ಗ್ರಾಮ ಪಂಚಾಯಿತಿ

ಪಾಠದ ಉದ್ದೇಶ: ವೈದ್ಯಕೀಯ ಪದವಿ ಪ್ರವೇಶದಲ್ಲಿ ಸೇವಾನುಭವಕ್ಕೆ ಯಾವ ಸ್ಥಾನವಿದೆ, ಯಾವ ದಾಖಲೆಗಳು ನಿರ್ಣಾಯಕವಾಗುತ್ತವೆ ಮತ್ತು ಈ ಎರಡರಲ್ಲಿಯೂ ಗ್ರಾಮ ಪಂಚಾಯಿತಿ ಸದಸ್ಯರು ಹೇಗೆ ನೆರವಾಗಬಹುದು ಎಂಬುದನ್ನು ತಿಳಿಸುವುದು.

1. ಪೀಠಿಕೆ

ವೈದ್ಯಕೀಯ ಸೀಟಿಗೆ ಪ್ರಯತ್ನಿಸುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರು ಆರೋಗ್ಯ ಶಿಬಿರದಲ್ಲಿ ಸೇವೆ ಸಲ್ಲಿಸಿದ ಬಗ್ಗೆ ಪ್ರಮಾಣಪತ್ರ ಕೋರಿ ಸದಸ್ಯರನ್ನು ಸಂಪರ್ಕಿಸುವುದುಂಟು. ಪತ್ರ ಬರೆದುಕೊಡುವುದು ಸುಲಭ. ಆದರೆ ಅದರಿಂದ ಸೀಟು ದೊರೆಯುತ್ತದೆ ಎಂಬ ನಂಬಿಕೆಯಲ್ಲಿ ಕುಟುಂಬವು ಕಾಲವನ್ನೂ ಹಣವನ್ನೂ ಕಳೆದುಕೊಳ್ಳಬಾರದು. ಈ ವಿಷಯದಲ್ಲಿ ಸರಿಯಾದ ಮಾಹಿತಿ ನೀಡುವುದು ಸದಸ್ಯರ ಹೊಣೆಯಾಗುತ್ತದೆ.

2. ಪ್ರವೇಶದಲ್ಲಿ ಅನುಭವದ ಸ್ಥಾನ

ಒಂದು ಕಾಲದಲ್ಲಿ ಸಮಾಜಸೇವೆಗೂ ಅಂಕವಿತ್ತು. 1963ರಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರವು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಆಯ್ಕೆಯಲ್ಲಿ ಸಂದರ್ಶನಕ್ಕೆ ಅಂಕಗಳನ್ನು ನಿಗದಿಪಡಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟು ಸಂದರ್ಶನಕ್ಕೆ ಮೀಸಲಾಗಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ ಮತ್ತು ಕ್ರೀಡೆಯೊಂದಿಗೆ ಸಮಾಜಸೇವೆಯೂ ಅದರ ಮಾನದಂಡಗಳಲ್ಲಿ ಸೇರಿತ್ತು. ಆ ಕ್ರಮವನ್ನು ಪ್ರಶ್ನಿಸಿದ ಆರ್. ಚಿತ್ರಲೇಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು.

ಈಗ ಪರಿಸ್ಥಿತಿ ಬೇರೆಯಾಗಿದೆ. ಎಂಬಿಬಿಎಸ್ ಪ್ರವೇಶವು ನೀಟ್ ಪರೀಕ್ಷೆಯ ಅರ್ಹತೆಯನ್ನು ಅವಲಂಬಿಸಿದೆ. ಒಟ್ಟು 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180 ಅಂಕಗಳಿವೆ. ಸರಿಯುತ್ತರಕ್ಕೆ 4 ಅಂಕ ದೊರೆಯುತ್ತದೆ, ತಪ್ಪುತ್ತರಕ್ಕೆ 1 ಅಂಕ ಕಳೆಯಲಾಗುತ್ತದೆ. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಪಡೆಯಬಹುದು. ಇಬ್ಬರು ಅಭ್ಯರ್ಥಿಗಳು ಸಮಾನ ಅಂಕ ಗಳಿಸಿದರೆ ಮೊದಲು ಜೀವಶಾಸ್ತ್ರದ ಅಂಕವನ್ನು ನೋಡಲಾಗುತ್ತದೆ, ಸೇವಾ ಪ್ರಮಾಣಪತ್ರವನ್ನಲ್ಲ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ನೀಟ್ ನಂತರ ಸಂದರ್ಶನ ನಡೆಯುವುದು ಒಂದು ಅಪವಾದ.

3. ಅಂಕದೊಂದಿಗೆ ಲೆಕ್ಕಕ್ಕೆ ಬರುವ ದಾಖಲೆಗಳು

ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರುತ್ತವೆ. ಉಳಿದ ಶೇ. 85ರಷ್ಟು ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ರಾಜ್ಯದ ಈ ಪಾಲಿನಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ಮೂರು ಅವಕಾಶಗಳಿವೆ.

(ಅ) ಗ್ರಾಮೀಣ ಮೀಸಲಾತಿ, ಶೇ. 15: 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು.

(ಆ) ಕನ್ನಡ ಮಾಧ್ಯಮ ಮೀಸಲಾತಿ, ಶೇ. 5: 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು.

(ಇ) ಸಂವಿಧಾನದ 371(ಜೆ) ವಿಧಿ: ಕಲ್ಯಾಣ ಕರ್ನಾಟಕ ಜಿಲ್ಲೆಗಳ ಅರ್ಹ ಅಭ್ಯರ್ಥಿಗಳಿಗೆ ಆ ಪ್ರದೇಶದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಮೀಸಲಾತಿ.

ಗ್ರಾಮೀಣ ಮೀಸಲಾತಿಯಲ್ಲಿ ಪರಿಗಣಿಸುವುದು ಶಾಲೆ ಇರುವ ಸ್ಥಳವನ್ನು. ಮನೆ ಇರುವ ಸ್ಥಳವನ್ನಲ್ಲ. ಹಳ್ಳಿಯಲ್ಲಿಯೇ ವಾಸವಿದ್ದು ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಹೋಗಿಬಂದ ವಿದ್ಯಾರ್ಥಿಗೆ ಈ ಸೌಲಭ್ಯ ದೊರೆಯುವುದಿಲ್ಲ. ಏಳನೆಯ ತರಗತಿಯವರೆಗೆ ಊರಿನಲ್ಲಿ ಓದಿ, ಎಂಟನೆಯ ತರಗತಿಗೆ ನಗರದ ಶಾಲೆಗೆ ಸೇರಿದವರೂ ಇದರಿಂದ ವಂಚಿತರಾಗುತ್ತಾರೆ. ನಗರದ ಶಾಲೆಯನ್ನು ಆರಿಸಿಕೊಳ್ಳುವುದು ತಪ್ಪಲ್ಲ. ಆದರೆ ಅದರಿಂದ ಕಳೆದುಕೊಳ್ಳುವುದೇನು ಎಂಬುದು ಪೋಷಕರಿಗೆ ಆ ಹೊತ್ತಿಗೇ ತಿಳಿದಿರಬೇಕು. ದ್ವಿತೀಯ ಪಿಯುಸಿ ಮುಗಿದ ಮೇಲೆ ತಿಳಿದರೆ ಸರಿಪಡಿಸಲು ದಾರಿಯಿಲ್ಲ.

ವ್ಯಾಸಂಗದ ವಿವರಗಳನ್ನು ಶಾಲಾ ಮುಖ್ಯಸ್ಥರು ದೃಢೀಕರಿಸಬೇಕು. ಅಧ್ಯಯನ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾಗುತ್ತದೆ. ಗ್ರಾಮೀಣ ಮೀಸಲಾತಿ ಕೋರುವ ಸಾಮಾನ್ಯ ವರ್ಗದ ಅಭ್ಯರ್ಥಿಗಳು, ಮೇಲ್ಸ್ತರಕ್ಕೆ ಸೇರಿಲ್ಲವೆಂಬ ತಹಶೀಲ್ದಾರರ ಪ್ರಮಾಣಪತ್ರವನ್ನೂ ಹೊಂದಿರಬೇಕು. 371(ಜೆ) ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಗಳು ನೀಡುತ್ತಾರೆ. ಪಂಚಾಯಿತಿ ಅಧ್ಯಕ್ಷರ ಶಿಫಾರಸು ಪತ್ರವು ಇವುಗಳಲ್ಲಿ ಯಾವುದಕ್ಕೂ ಬದಲಿಯಾಗದು. ಮೀಸಲಾತಿಯನ್ನು ಪ್ರಾಧಿಕಾರದ ಅರ್ಜಿಯಲ್ಲಿಯೇ ಕೋರಬೇಕು.

4. ಹಾಗಾದರೆ ಅನುಭವ ಏಕೆ ಬೇಕು?

ಎಂಬಿಬಿಎಸ್ ನಾಲ್ಕೂವರೆ ವರ್ಷಗಳ ವ್ಯಾಸಂಗ. ಅದರ ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಇರುತ್ತದೆ. ಪರೀಕ್ಷೆಯ ಸಿದ್ಧತೆಗೆಂದು ಮತ್ತೊಂದು ವರ್ಷ ಮೀಸಲಿಡಲು ಕೆಲವು ಕುಟುಂಬಗಳು ಸಾಲ ಮಾಡುತ್ತವೆ, ಜಮೀನು ಮಾರುತ್ತವೆ. ಇಷ್ಟು ದೊಡ್ಡ ನಿರ್ಧಾರ ಕೈಗೊಳ್ಳುವ ಮೊದಲು ವೈದ್ಯವೃತ್ತಿಯ ದಿನನಿತ್ಯದ ಸ್ವರೂಪವನ್ನು ವಿದ್ಯಾರ್ಥಿಯು ಹತ್ತಿರದಿಂದ ಕಂಡಿರುವುದು ಒಳಿತು. ನೋಡಿದ ನಂತರ ಆಸಕ್ತಿ ದೃಢವಾಗಬಹುದು. ಶುಶ್ರೂಷೆ, ಫಾರ್ಮಸಿ ಅಥವಾ ಪ್ರಯೋಗಾಲಯ ತಂತ್ರಜ್ಞಾನದತ್ತ ಮನಸ್ಸು ತಿರುಗಲೂಬಹುದು. ಎರಡೂ ಲಾಭವೇ.

ವಿದೇಶದಲ್ಲಿ ಓದಲು ಬಯಸುವವರಿಗೆ ಅನುಭವವು ಪ್ರವೇಶದ ಭಾಗವೇ ಆಗಿದೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಾಮಾನ್ಯ ಅರ್ಜಿಯಲ್ಲಿ 15 ಅನುಭವಗಳವರೆಗೆ ನಮೂದಿಸಲು ಅವಕಾಶವಿದೆ. ಬ್ರಿಟನ್ನಿನ ಕಾಲೇಜುಗಳು ಆಸ್ಪತ್ರೆಯ ಅನುಭವವನ್ನಷ್ಟೇ ನೋಡದೆ, ವೃದ್ಧರ ಅಥವಾ ಅಂಗವಿಕಲರ ಆರೈಕೆಯಂತಹ ಸೇವೆಯನ್ನೂ ಪರಿಗಣಿಸುತ್ತವೆ. ಅಲ್ಲಿ ವಿದ್ಯಾರ್ಥಿಯು ಅನುಭವದಿಂದ ಏನನ್ನು ಅರಿತನೆಂಬುದೇ ಮುಖ್ಯ ಪ್ರಶ್ನೆ. ಹೊರದೇಶಗಳಲ್ಲಿ ನೆಲೆಸಿದ ಬಂಧುಗಳು ಅಲ್ಲಿನ ರೂಢಿಯಂತೆ ನೀಡುವ ಸಲಹೆಯು ಇಲ್ಲಿನ ಪ್ರವೇಶಕ್ಕೆ ಅನ್ವಯಿಸದು ಎಂಬುದನ್ನೂ ಗಮನದಲ್ಲಿಡಬೇಕು.

5. ಗ್ರಾಮದಲ್ಲಿಯೇ ದೊರೆಯುವ ಅನುಭವ

ಇದಕ್ಕಾಗಿ ಹಣ ತೆತ್ತು ದೂರದ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಅಂಗನವಾಡಿಯಲ್ಲಿ ನಡೆಯುವ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನದಂದು ಮಕ್ಕಳ ತೂಕ ನೋಡುವ ಕ್ರಮ, ಲಸಿಕೆಯ ವೇಳಾಪಟ್ಟಿ ಮತ್ತು ಗರ್ಭಿಣಿಯರ ತಪಾಸಣೆಯ ಮಹತ್ವವನ್ನು ತಿಳಿಯಬಹುದು. ಉಪಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಮಧುಮೇಹ ತಪಾಸಣೆ ನಡೆಯುವಾಗ ಸರದಿ ನೋಡಿಕೊಳ್ಳಬಹುದು, ವೃದ್ಧರನ್ನು ಕರೆತರಬಹುದು. ಕ್ಷಯರೋಗದ ಔಷಧಿಯನ್ನು ನಡುವೆ ನಿಲ್ಲಿಸಬಾರದೇಕೆ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯುವುದೂ ಉತ್ತಮ ಪಾಠವೇ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮದಲ್ಲಿರುವ ಕುಟುಂಬ ದತ್ತು ಕಾರ್ಯಕ್ರಮದಂತೆ ವೈದ್ಯ ವಿದ್ಯಾರ್ಥಿಗಳು ಹಳ್ಳಿಗಳಿಗೆ ಬರುತ್ತಾರೆ. ಅವರೊಂದಿಗೆ ಊರಿನ ಮಕ್ಕಳು ಮಾತನಾಡುವಂತೆ ಏರ್ಪಾಡು ಮಾಡಬಹುದು.

6. ಪಾಲಿಸಬೇಕಾದ ಮಿತಿಗಳು

- ವಿದ್ಯಾರ್ಥಿಗಳು ಚುಚ್ಚುಮದ್ದು ನೀಡುವುದು, ಗಾಯ ಕಟ್ಟುವುದು, ಔಷಧಿ ವಿತರಿಸುವುದು ಸಲ್ಲದು.
- ರೋಗಿಯ ಹೆಸರು, ಕಾಯಿಲೆಯ ವಿವರ ಹೊರಗೆ ಹೋಗಬಾರದು. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಒಂದು ಮಾತು ಒಂದು ಕುಟುಂಬದ ಮರ್ಯಾದೆಯನ್ನೇ ಕೆಡಿಸಬಲ್ಲದು.
- ತಪಾಸಣೆಯ ಸ್ಥಳದಲ್ಲಿ ಭಾವಚಿತ್ರ ತೆಗೆಯಬಾರದು.
- ವೈದ್ಯಾಧಿಕಾರಿಯ ಅನುಮತಿ ಮತ್ತು ಪೋಷಕರ ಒಪ್ಪಿಗೆ ಮುಂಚಿತವಾಗಿ ಇರಬೇಕು.
- ಓದಿನ ಸಮಯಕ್ಕೆ ಧಕ್ಕೆಯಾಗಬಾರದು. ಪ್ರಥಮ ಪಿಯುಸಿಗೆ ಮುಂಚಿನ ಬೇಸಿಗೆ ರಜೆ ಇದಕ್ಕೆ ಸೂಕ್ತ ಕಾಲ.

7. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ಐದನೆಯ ಮತ್ತು ಏಳನೆಯ ತರಗತಿಯ ಮಕ್ಕಳ ಪೋಷಕರಿಗೆ ಮೀಸಲಾತಿ ನಿಯಮಗಳನ್ನು ಗ್ರಾಮ ಸಭೆಯಲ್ಲಿಯೇ ತಿಳಿಸಬೇಕು. ಶಾಲೆ ಬದಲಿಸುವ ನಿರ್ಧಾರ ಆಗುವುದು ಆ ಹಂತದಲ್ಲಿ. ಎರಡನೆಯದಾಗಿ, ಪ್ರೌಢಶಾಲಾ ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಿ, ಹತ್ತನೆಯ ತರಗತಿ ಮುಗಿಸಿದವರು ಹತ್ತೂ ವರ್ಷಗಳ ವ್ಯಾಸಂಗದ ದಾಖಲೆಯನ್ನು ಕೂಡಲೇ ಪಡೆಯುವಂತೆ ನೋಡಿಕೊಳ್ಳಬೇಕು. ಮೂರನೆಯದಾಗಿ, ಅರಿವು ಕೇಂದ್ರದಲ್ಲಿ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕಗಳು, ಹಿಂದಿನ ಪ್ರಶ್ನೆಪತ್ರಿಕೆಗಳು ಮತ್ತು ಅಂತರ್ಜಾಲ ಸೌಲಭ್ಯವನ್ನು ಒದಗಿಸಬೇಕು. ನಾಲ್ಕನೆಯದಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಂದಿಗೆ ಮಾತನಾಡಿ, ಆಸಕ್ತ ವಿದ್ಯಾರ್ಥಿಗಳ ಭೇಟಿಗೆ ದಿನ ಗೊತ್ತುಪಡಿಸಬೇಕು.

ಸೇವಾ ಪತ್ರ ಕೋರಿದವರಿಗೆ, ನಿಜವಾಗಿ ಸೇವೆ ಸಲ್ಲಿಸಿದ್ದರೆ, ದಿನಾಂಕ ಮತ್ತು ಮಾಡಿದ ಕೆಲಸವನ್ನಷ್ಟೇ ನಮೂದಿಸಿ ಪತ್ರ ನೀಡಬಹುದು. ಅದರಿಂದ ನೀಟ್ ಆಧಾರಿತ ಸೀಟು ಹಂಚಿಕೆಯಲ್ಲಿ ಅಂಕ ಹೆಚ್ಚುವುದಿಲ್ಲವೆಂಬುದನ್ನು ಅದೇ ವೇಳೆ ತಿಳಿಸಬೇಕು.

ಚರ್ಚೆಗಾಗಿ ಪ್ರಶ್ನೆಗಳು

1. ಸದಸ್ಯರ ವಾರ್ಡಿನಲ್ಲಿ ಎಷ್ಟು ಮಕ್ಕಳು ಪಟ್ಟಣದ ಶಾಲೆಗೆ ಹೋಗುತ್ತಿದ್ದಾರೆ? ಗ್ರಾಮೀಣ ಮೀಸಲಾತಿಯ ನಿಯಮ ಅವರ ಪೋಷಕರಿಗೆ ತಿಳಿದಿದೆಯೇ?
2. ಅರಿವು ಕೇಂದ್ರದಲ್ಲಿ ಪಿಯುಸಿ ವಿಜ್ಞಾನ ವಿದ್ಯಾರ್ಥಿಗೆ ಉಪಯುಕ್ತವಾದ ಪುಸ್ತಕಗಳು ಯಾವುವು ಇವೆ, ಯಾವುವು ಇಲ್ಲ?
3. ಆರೋಗ್ಯ ಕೇಂದ್ರಕ್ಕೆ ವಿದ್ಯಾರ್ಥಿಗಳು ಭೇಟಿ ನೀಡುವಾಗ ರೋಗಿಗಳ ಗೌಪ್ಯತೆಯನ್ನು ಕಾಪಾಡುವ ಹೊಣೆ ಯಾರದು?